ವರ್ಡ್ಸ್‌ವರ್ತ್ ಮನೆ ನೋಡೋಕೆ ಹೋದರೆ ತೋಟಕ್ಕೇ ಜಾಸ್ತಿ ಟೈಮ್ ಇಟ್ಟುಕೊಳ್ಳಿ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ರಿಟೈರ್ ಆದವನು. ಮೂವತ್ತು ವರ್ಷ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಪದ್ಯ ಪಾಠ ಮಾಡಿದ್ದೇನೆ, ಆ ಹೂವನ್ನು ಮಾತ್ರ ಒಂದು ಸಲವೂ ಕಣ್ಣಾರೆ ನೋಡಿಲ್ಲ. ಮಗಳು ಮ್ಯಾಂಚೆಸ್ಟರ್‌ನಲ್ಲಿದ್ದಾಳೆ, ಬರುವ ಏಪ್ರಿಲ್ ಮೊದಲ ವಾರ ಹೋಗುತ್ತಿದ್ದೇವೆ. ಕವಿಯ ಮನೆ ಅಂತ ಕೇಳಿದರೆ ಒಬ್ಬರು ಡವ್ ಕಾಟೇಜ್ ಅನ್ನುತ್ತಾರೆ, ಇನ್ನೊಬ್ಬರು ರೈಡಲ್ ಮೌಂಟ್ ಅನ್ನುತ್ತಾರೆ, ಮತ್ತೊಬ್ಬರು ಹುಟ್ಟಿದ ಮನೆ ಬೇರೆಯೇ ಇದೆ ಅನ್ನುತ್ತಾರೆ. ನಮಗಿರೋದು ಒಂದೇ ದಿನ. ಯಾವುದಕ್ಕೆ ಹೋಗಬೇಕು? ನನ್ನ ಮನೆಯವರಿಗೆ ಮೊಣಕಾಲು ನೋವು. ಪದ್ಯದಲ್ಲಿ ಆಸಕ್ತಿ ಇಲ್ಲ, ಗಿಡದ ಹುಚ್ಚು ಮಾತ್ರ ಜಾಸ್ತಿ.

ಉತ್ತರ: ಮೇಷ್ಟ್ರೇ, ನಿಮ್ಮ ಮನೆಯವರ ಗಿಡದ ಹುಚ್ಚು ಈ ಟ್ರಿಪ್ಪಿಗೆ ಅಡ್ಡಿ ಅಂತ ನೀವು ಅಂದುಕೊಂಡ ಹಾಗಿದೆ. ಉಲ್ಟಾ. ಅವರ ಹಿಂದೆ ನೀವು ಹೋದರೆ ಕವಿ ಸಿಗುತ್ತಾನೆ, ನಿಮ್ಮ ಹಿಂದೆ ಅವರು ಬಂದರೆ ಇಬ್ಬರೂ ಹಳೇ ಕುರ್ಚಿ, ಹಳೇ ಕನ್ನಡಕ ನೋಡಿಕೊಂಡು ವಾಪಸ್ ಬರುತ್ತೀರಿ. ನಾನು ಮೂರು ಸಲ ಹೋಗಿದ್ದೇನೆ. ಮೊದಲ ಸಲ ಮಾಡಿದ್ದು ಇದೇ ತಪ್ಪು. ಮನೆಯೊಳಗೆ ಒಂದೂವರೆ ಗಂಟೆ ಕಳೆದು, ಪ್ರತಿ ಬೋರ್ಡನ್ನೂ ಓದಿ, ತೋಟಕ್ಕೆ ಬರುವ ಹೊತ್ತಿಗೆ ಬಸ್ಸಿಗೆ ಟೈಮ್ ಆಗಿತ್ತು.

ವರ್ಡ್ಸ್‌ವರ್ತ್ ಮೇಜಿನ ಮುಂದೆ ಕೂತು ಪದ್ಯ ಬರೆದ ಮನುಷ್ಯನೇ ಅಲ್ಲ. ತೋಟದ ಕಾಲುದಾರಿಯಲ್ಲಿ ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ, ಬಾಯಲ್ಲೇ ಗುಂಯ್ ಅಂತ ಗುನುಗುತ್ತಾ ಸಾಲು ಕಟ್ಟುತ್ತಿದ್ದ. ಮನೆಗೆ ಬಂದ ಮೇಲೆ ಅದನ್ನು ಬರೆದುಕೊಳ್ಳುವ ಕೆಲಸ ಬಹಳ ಸಲ ತಂಗಿ ಡೊರೊಥಿಯದು, ಇಲ್ಲಾ ಹೆಂಡತಿ ಮೇರಿಯದು. ಅವನ ಓದುವ ಕೋಣೆ ತೋರಿಸಿ ಅಂತ ಯಾರೋ ಕೇಳಿದ್ದಕ್ಕೆ ಮನೆಕೆಲಸದ ಹೆಂಗಸು, ಯಜಮಾನರ ಪುಸ್ತಕ ಇಡೋ ಕೋಣೆ ಇದು, ಅವರ ಓದುವ ಕೋಣೆ ಹೊರಗಡೆ ಇದೆ ಅಂದಳಂತೆ. ಆ ಕಡೆ ಬಹಳ ಹೇಳುವ ಕಥೆ ಇದು. ನಮ್ಮ ಕುಪ್ಪಳಿಗೆ ಹೋದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲಿ ತೊಟ್ಟಿ ಮನೆ ಚೆನ್ನಾಗೇ ಇದೆ, ಆದರೆ ಕವಿಶೈಲ ಹತ್ತದೆ ಬಂದವರು ಕುಪ್ಪಳಿ ನೋಡಿದ ಹಾಗಾಯಿತಾ?

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಮನೆ ನೋಡಬೇಕಾದರೆ ಗ್ರಾಸ್ಮಿಯರ್ ಊರಂಚಿನ ಡವ್ ಕಾಟೇಜ್. ತೋಟ ನೋಡಬೇಕಾದರೆ ರೈಡಲ್ ಊರಿನ ರೈಡಲ್ ಮೌಂಟ್. ಎರಡೂ ಲೇಕ್ ಡಿಸ್ಟ್ರಿಕ್ಟ್ ಅನ್ನೋ ಸರೋವರ ಪ್ರದೇಶದಲ್ಲಿವೆ, ನಡುವೆ ಹೆಚ್ಚೆಂದರೆ ಮೂರು ಕಿಲೋಮೀಟರ್, ಬಸ್ಸಿದೆ, ಒಂದೇ ದಿನದಲ್ಲಿ ಎರಡೂ ಆಗುತ್ತದೆ. 1770ರಲ್ಲಿ ಅವನು ಹುಟ್ಟಿದ ಮನೆ ಕಾಕರ್‌ಮೌತ್ ಅನ್ನೋ ಊರಲ್ಲಿದೆ. ದೊಡ್ಡ ಮನೆ, ಹಿಂದೆ ಡರ್ವೆಂಟ್ ನದಿ ಹರಿಯುತ್ತದೆ, ಒಳ್ಳೆಯ ಜಾಗವೇ. ಆದರೆ ಅದು ಇನ್ನೊಂದು ದಿಕ್ಕು. ಈ ಸಲ ಬಿಟ್ಟುಬಿಡಿ.

ರೈಡಲ್ ಮೌಂಟ್ ಬಗ್ಗೆ ಒಂದು ಮುಖ್ಯ ವಿಷಯ. 1969ರಲ್ಲಿ ಕವಿಯ ವಂಶದವರೇ ಅದನ್ನು ಕೊಂಡು ಮರುವರ್ಷ ಜನರಿಗೆ ತೆರೆದಿದ್ದರು, 2025ರಲ್ಲಿ ಅದನ್ನು ಮಾರಾಟಕ್ಕೆ ಇಟ್ಟರು. ಹಾಗಾಗಿ ಹಳೆಯ ಪ್ರವಾಸದ ಪುಸ್ತಕದಲ್ಲಿ ತೆರೆದಿರುವ ಸಮಯ ಓದಿಕೊಂಡು ಹೊರಡಬೇಡಿ. ನೀವು ಹೋಗುವ ವಾರ ಬಾಗಿಲು ತೆರೆದಿದೆಯಾ ಅಂತ ಮಗಳ ಹತ್ತಿರ ಫೋನ್ ಮಾಡಿಸಿ ಖಚಿತ ಮಾಡಿಕೊಳ್ಳಿ. ಮುಚ್ಚಿದ್ದರೂ ದಿನ ಹಾಳಾಗುವುದಿಲ್ಲ, ಅಕ್ಕಪಕ್ಕದಲ್ಲೇ ನೋಡುವುದಕ್ಕೆ ಇನ್ನೂ ಎರಡು ಜಾಗ ಇವೆ, ಆಮೇಲೆ ಹೇಳುತ್ತೇನೆ.

ಮ್ಯಾಂಚೆಸ್ಟರ್‌ನಿಂದ ವಿಂಡರ್‌ಮಿಯರ್‌ಗೆ ರೈಲಿದೆ. ಕೆಲವು ನೇರ ಹೋಗುತ್ತವೆ, ಉಳಿದವಕ್ಕೆ ಆಕ್ಸನ್‌ಹೋಮ್‌ನಲ್ಲಿ ಇಳಿದು ಬದಲಾಯಿಸಬೇಕು. ವಿಂಡರ್‌ಮಿಯರ್ ಸ್ಟೇಷನ್ನಿನ ಹೊರಗೇ ಬಸ್ಸು ಸಿಗುತ್ತದೆ. 555 ಅಥವಾ 599, ಎರಡೂ ಆಂಬಲ್‌ಸೈಡ್, ರೈಡಲ್ ದಾಟಿಕೊಂಡು ಗ್ರಾಸ್ಮಿಯರ್‌ಗೆ ಹೋಗುತ್ತವೆ. ಆ ಸ್ಟೇಷನ್ನಿನಲ್ಲಿ ಇಳಿದಾಗ ಒಂದು ಕ್ಷಣ ನಿಂತು ನಕ್ಕುಬಿಡಿ. ಯಾಕೆ ಅಂದರೆ ಆ ರೈಲು ಬರಲೇಬಾರದು ಅಂತ 1844ರಲ್ಲಿ ಪತ್ರಿಕೆಗೆ ಕಾಗದ ಬರೆದು, ಅದರ ವಿರುದ್ಧ ಪದ್ಯವನ್ನೂ ಬರೆದು ಹೋರಾಡಿದವನು ಇದೇ ವರ್ಡ್ಸ್‌ವರ್ತ್. ಜನ ಗುಂಪುಗುಂಪಾಗಿ ಬಂದು ಊರು ಹಾಳುಮಾಡುತ್ತಾರೆ ಅನ್ನೋ ಭಯ ಅವನಿಗೆ. 1847ರಲ್ಲಿ ರೈಲು ಬಂದೇಬಿಟ್ಟಿತು. ಈಗ ಜನ ಆ ರೈಲಿನಲ್ಲಿ ಬರೋದು ಅವನ ಮನೆ ನೋಡೋಕೆ!

ಬಸ್ಸಿನಲ್ಲಿ ರೈಡಲ್ ಮೊದಲು ಸಿಗುತ್ತದೆ, ಆದರೆ ಅಲ್ಲಿ ಇಳಿಯಬೇಡಿ. ಸೀದಾ ಡವ್ ಕಾಟೇಜಿಗೆ ಹೋಗಿ. ಮನೆ ತೀರಾ ಚಿಕ್ಕದು, ಒಂದು ಸಲಕ್ಕೆ ಕೆಲವೇ ಜನ ಹಿಡಿಸುತ್ತಾರೆ, ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ಟಿಕೆಟ್ ಮುಂಚೆಯೇ ತೆಗೆದುಕೊಂಡಿರಿ.

1799ರ ಡಿಸೆಂಬರ್ ಚಳಿಯಲ್ಲಿ ಅಣ್ಣ ತಂಗಿ ಈ ಮನೆಗೆ ಬಂದರು. ಬಾಡಿಗೆ ಮನೆ. ಅದಕ್ಕೂ ಮೊದಲು ಅದು ಪಬ್ಬು, ಪಾರಿವಾಳ ಮತ್ತು ಆಲಿವ್ ಕೊಂಬೆ ಅನ್ನೋ ಅರ್ಥದ ಹೆಸರಿತ್ತು. ಇವರ ಕಾಲದಲ್ಲಿ ಮನೆಗೆ ಡವ್ ಕಾಟೇಜ್ ಅಂತ ಹೆಸರೇ ಇರಲಿಲ್ಲ, ಅದು ಆಮೇಲೆ ಬಂದದ್ದು. ಒಳಗೆ ಕಾಲಿಟ್ಟರೆ ಕತ್ತಲೆ. ನೆಲಕ್ಕೆ ಕಪ್ಪು ಸ್ಲೇಟ್ ಕಲ್ಲು, ಗೋಡೆಗೆ ಗಾಢ ಬಣ್ಣದ ಮರದ ಹಲಗೆ, ಎಲ್ಲ ಪಬ್ಬಿನ ಕಾಲದ್ದು. ಕಣ್ಣು ಹೊಂದಿಕೊಳ್ಳೋಕೆ ಎರಡು ನಿಮಿಷ ಬೇಕು. ಹಾಲು ಬೆಣ್ಣೆ ಇಡುವ ಕೋಣೆಯನ್ನು ತಪ್ಪಿಸಬೇಡಿ. ಆ ಕೋಣೆಯ ಕಲ್ಲು ಹಾಸಿನ ಕೆಳಗೆ ಸಣ್ಣ ತೊರೆ ಹರಿಯುತ್ತದೆ, ಅದೇ ಅವರ ಫ್ರಿಜ್ಜು. ಮಹಡಿ ಮೇಲೆ ಒಂದು ಪುಟ್ಟ ಕೋಣೆಗೆ ಡೊರೊಥಿ ಚಳಿ ತಡೆಯೋಕೆ ಗೋಡೆ ತುಂಬಾ ಹಳೇ ಪೇಪರ್ ಅಂಟಿಸಿದ್ದಳು, ಆ ಕೋಣೆ ಈಗಲೂ ಪೇಪರ್ ಕೋಣೆಯೇ. ಮೆಟ್ಟಿಲು ಕಿರಿದು. ಮೊಣಕಾಲು ನೋವಿದ್ದವರು ನಿಧಾನಕ್ಕೆ ಹತ್ತಬಹುದು, ಬೇಡ ಅನ್ನಿಸಿದರೆ ಕೆಳಗಿನ ಕೋಣೆಗಳಲ್ಲೇ ಮನೆಯ ಅಂದಾಜು ಸಿಗುತ್ತದೆ.

1802ರಲ್ಲಿ ಮೇರಿಯನ್ನು ಮದುವೆಯಾದ, ಆಮೇಲೆ ಈ ಮನೆಯಲ್ಲೇ ಮೂರು ಮಕ್ಕಳು ಹುಟ್ಟಿದವು, ಮೇರಿಯ ತಂಗಿ ಬಂದಳು, ಗೆಳೆಯ, ಕವಿ ಕೋಲ್‌ರಿಜ್ ಹೇಳದೆ ಕೇಳದೆ ಬಂದು ವಾರಗಟ್ಟಲೆ ಇರುತ್ತಿದ್ದ. ಇಷ್ಟು ಜನ ಈ ಗೂಡಿನಲ್ಲಿ! 1808ರಲ್ಲಿ ಜಾಗ ಸಾಲದೆ ಬಿಟ್ಟು ಹೋದರು. ಇಂಥ ಮನೆಯಲ್ಲಿ ಇರುವ ಕವಿಗೆ ತೋಟ ಶೋಕಿಯಲ್ಲ, ಬೇರೆ ಕೋಣೆಯೇ ಇರಲಿಲ್ಲ ಅಂತ ಆ ಮಹಡಿ ಮೇಲೆ ನಿಂತಾಗ ನಿಮಗೇ ಅನ್ನಿಸುತ್ತದೆ.

ಈಗ ಹಿಂಬಾಗಿಲಿನಿಂದ ಹೊರಗೆ ಬನ್ನಿ. ಇಲ್ಲಿಂದ ನಿಮ್ಮ ಮನೆಯವರ ಸರದಿ.

ತೋಟ ಅಂದರೆ ಸಪಾಟು ಜಾಗ ಅಂದುಕೊಳ್ಳಬೇಡಿ, ಮನೆಯ ಹಿಂದಿನ ಗುಡ್ಡದ ಇಳಿಜಾರನ್ನೇ ಕಡಿದು ಮೆಟ್ಟಿಲು ಮಾಡಿದ್ದಾರೆ. ಅಣ್ಣ ತಂಗಿ ಸೇರಿ ಮಾಡಿದ ತೋಟ. ನರ್ಸರಿಯಿಂದ ದುಡ್ಡು ಕೊಟ್ಟು ತಂದ ಗಿಡ ಕಡಿಮೆ. ಡೊರೊಥಿ ವಾಕಿಂಗ್ ಹೋದಾಗೆಲ್ಲ ಕೆರೆಯ ದಂಡೆಯಿಂದ, ಕಾಡಿನಿಂದ, ಬಂಡೆ ಸಂದಿಯಿಂದ ಪಾಚಿ, ಜರೀಗಿಡ, ಕಾಡು ಹೂವಿನ ಗಿಡ ಕಿತ್ತು ತಂದು ನೆಡುತ್ತಿದ್ದಳು. ಯಾವ ದಿನ ಏನು ತಂದೆ, ಎಲ್ಲಿ ನೆಟ್ಟೆ ಅಂತ ಡೈರಿಯಲ್ಲಿ ಬರೆದಿಟ್ಟಿದ್ದಾಳೆ. ಇದನ್ನು ನಿಮ್ಮ ಮನೆಯವರಿಗೆ ಹೇಳಿ ನೋಡಿ, ಬಸ್ಸಿನಲ್ಲಿ ಹೋಗುವಾಗ ದಾರಿಬದಿ ಗಿಡ ಕಂಡು ಇಳಿದುಬಿಡೋಣ ಅನ್ನಿಸುವ ಜಾತಿಯವರಿಗೆ ಡೊರೊಥಿ ತಕ್ಷಣ ಗೆಳತಿಯಾಗುತ್ತಾಳೆ. (ಈಗ ಹಾಗೆ ಕಿತ್ತು ತರುವ ಹಾಗಿಲ್ಲ, ಅದನ್ನೂ ಹೇಳಿ!) ಅಡುಗೆಗೂ ಇಲ್ಲಿಂದಲೇ. ಬಟಾಣಿ ಹಾಕಿದ್ದರು. ಮನೆಯ ಗೋಡೆಗೆ ದಾರ ಕಟ್ಟಿ ಕೆಂಪು ಹೂವಿನ ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದರು. ನಮ್ಮಲ್ಲಿ ಚಪ್ಪರಕ್ಕೆ ಅವರೆ ಹಬ್ಬಿಸುವುದಿಲ್ಲವಾ, ಹಾಗೆ. ಸುಣ್ಣ ಬಳಿದ ಬಿಳಿ ಗೋಡೆ ಕಣ್ಣಿಗೆ ಹೊಡೆಯಬಾರದು ಅಂತ ಗುಲಾಬಿ ಬಳ್ಳಿ ಬಿಟ್ಟಿದ್ದರು. ಮುಂದೆ ಇದೇ ಕವಿ ಸರೋವರ ಪ್ರದೇಶದ ಬಗ್ಗೆ ಕೈಪಿಡಿ ಬರೆದಾಗ ಬೆಟ್ಟದ ನಡುವೆ ಬಿಳಿ ಮನೆ ಕಟ್ಟುವವರನ್ನು ಬೈದ. ಅವನದೂ ಬಿಳಿ ಮನೆಯೇ ಆಗಿತ್ತಲ್ಲ ಅಂತ ಯಾರೂ ಕೇಳಲಿಲ್ಲವೇನೋ.

ತೋಟದ ತುದಿಯಲ್ಲಿ ಒಂದು ಗುಡಿಸಲು ಕಟ್ಟಿ ಒಳಗೆಲ್ಲ ಪಾಚಿ ಮೆತ್ತಿದ್ದರು, ಕೂತು ಓದೋಕೆ, ಗುನುಗೋಕೆ. ಅದರ ಕಥೆ ಕೇಳಿ. ಇವರು ಮನೆ ಬಿಟ್ಟ ಮೇಲೆ 1809ರಲ್ಲಿ ಡಿ ಕ್ವಿನ್ಸಿ ಬಾಡಿಗೆಗೆ ಬಂದ, ಅವನೂ ಬರಹಗಾರ, ವರ್ಡ್ಸ್‌ವರ್ತ್ ಅಂದರೆ ದೇವರು ಅನ್ನುತ್ತಿದ್ದವನು. ಎರಡು ವರ್ಷ ಆದ ಮೇಲೆ ಮನೆಗೆ ಬೆಳಕು ಬರಲಿ ಅಂತ ಬೇಲಿ, ಮರ ಕಡಿಸಿದ, ಆ ಗುಡಿಸಲನ್ನೂ ಕೆಡವಿಸಿದ. ಡೊರೊಥಿಗೆ ಎಷ್ಟು ನೋವಾಯಿತು ಅಂದರೆ ಅವನ ಜೊತೆ ಮಾತೇ ಬೇಡ ಅನ್ನುವಷ್ಟು. ಬಾಡಿಗೆ ಮನೆಯಲ್ಲಿ ಗಿಡ ಬೆಳೆಸಿ ಬಿಟ್ಟು ಬಂದವರಿಗೆ ಈ ಹೊಟ್ಟೆಉರಿ ಗೊತ್ತು.

ಒಂದು ಎಚ್ಚರಿಕೆ. ಮೆಟ್ಟಿಲು ಸ್ಲೇಟ್ ಕಲ್ಲಿನದು, ಏರು ಜಾಸ್ತಿ, ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಅಲ್ಲಿ ಮಳೆ ಬೀಳದ ದಿನ ಹುಡುಕಬೇಕು, ಆಗುಂಬೆಯವರು ಕೂಡ ಸಾಕಪ್ಪಾ ಅನ್ನುವ ಜಿಟಿಜಿಟಿ. ನಾನು ಎರಡನೇ ಸಲ ಚರ್ಮದ ಚಪ್ಪಲಿ ಹಾಕಿಕೊಂಡು ಹೋಗಿ ಮೂರನೇ ಮೆಟ್ಟಿಲಲ್ಲಿ ಕೂತೇಬಿಟ್ಟೆ. ಪ್ಯಾಂಟಿನ ಹಿಂದೆ ಹಸಿರು ಪಾಚಿ ಕಲೆ, ಸಂಜೆವರೆಗೂ ಅದನ್ನೇ ಹೊತ್ತು ತಿರುಗಿದೆ. ರಬ್ಬರ್ ಅಡಿ ಇರುವ ಶೂ ಕಡ್ಡಾಯ. ನಿಮ್ಮ ಮನೆಯವರು ಕೆಳಗಿನ ಹಂತದಲ್ಲೇ ಇದ್ದು ನೋಡಲಿ, ಮೇಲೆ ಹೋಗಲೇಬೇಕು ಅಂತ ಬಲವಂತ ಬೇಡ. ಆಗ ಮೇಲಿನಿಂದ ಗ್ರಾಸ್ಮಿಯರ್ ಸರೋವರ ಚೆನ್ನಾಗಿ ಕಾಣುತ್ತಿತ್ತು, ಈಗ ಮುಂದೆ ಮನೆಗಳು ಬಂದು ಮರೆಯಾಗಿದೆ.

ಪಕ್ಕದಲ್ಲೇ ಮ್ಯೂಸಿಯಂ ಇದೆ, ಕೈಬರಹದ ಪ್ರತಿಗಳಿವೆ. ನೀವು ಅಲ್ಲಿ ಇರಿ, ಅವರು ತೋಟದಲ್ಲಿ ಇರಲಿ. ಜಗಳ ಇರುವುದಿಲ್ಲ.

ಇನ್ನು ನಿಮ್ಮ ಡ್ಯಾಫೊಡಿಲ್ ವಿಷಯ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಆ ಹೂಗಳನ್ನು ಕವಿ ನೋಡಿದ್ದು ಈ ತೋಟದಲ್ಲಿ ಅಲ್ಲ, ರೈಡಲ್‌ನಲ್ಲೂ ಅಲ್ಲ. 1802ರ ಏಪ್ರಿಲ್ 15, ಅಲ್ಸ್‌ವಾಟರ್ ಅನ್ನೋ ಬೇರೆಯೇ ಸರೋವರದ ದಂಡೆ, ಬೆಟ್ಟದ ಆ ಕಡೆ. ಜೊತೆಗೆ ಡೊರೊಥಿ ಇದ್ದಳು. ಒಂಟಿಯಾಗಿ ಅಲೆದೆ ಅಂತ ನಾವು ಪಾಠ ಮಾಡಿದ್ದೇ ಮಾಡಿದ್ದು, ಒಂಟಿ ಎಲ್ಲಿ, ಪಕ್ಕದಲ್ಲಿ ತಂಗಿ! ಅವತ್ತು ವಿಪರೀತ ಗಾಳಿ. ಕೆಲವು ಹೂ ಸುಸ್ತಾಗಿ ಕಲ್ಲಿನ ಮೇಲೆ ತಲೆ ಇಟ್ಟು ಮಲಗಿದ ಹಾಗಿದ್ದವು, ಉಳಿದವು ಗಾಳಿಗೆ ನಗುತ್ತಾ ಕುಣಿಯುತ್ತಿದ್ದವು ಅಂತ ಅವಳು ಡೈರಿಯಲ್ಲಿ ಬರೆದುಕೊಂಡಳು. ಅಣ್ಣ ಪದ್ಯ ಬರೆದದ್ದು ಎರಡು ವರ್ಷ ಆದಮೇಲೆ, 1804ರಲ್ಲಿ, ಡವ್ ಕಾಟೇಜಿನಲ್ಲಿದ್ದಾಗ. ಅಚ್ಚಾದದ್ದು 1807ರಲ್ಲಿ. ಒಳಗಣ್ಣಿನ ಬಗ್ಗೆ ಇರುವ ಎರಡು ಸಾಲು, ನೀವು ಕ್ಲಾಸಿನಲ್ಲಿ ಜಾಸ್ತಿ ಹೊತ್ತು ವಿವರಿಸಿರುವ ಸಾಲುಗಳೇ ಇರಬೇಕು, ಅವು ಹೆಂಡತಿ ಮೇರಿ ಕೊಟ್ಟವು. ಇದನ್ನು ಕವಿಯೇ ಒಪ್ಪಿಕೊಂಡಿದ್ದಾನೆ. ಅಂದರೆ ಗಾಳಿ, ಕುಣಿತ ತಂಗಿಯ ಡೈರಿಯಲ್ಲಿ ಮೊದಲೇ ಇತ್ತು, ಒಳ್ಳೆಯ ಎರಡು ಸಾಲು ಹೆಂಡತಿಯದು. ಪರೀಕ್ಷೆಗೆ ಈ ಪ್ರಶ್ನೆ ಯಾಕೆ ಬರಲಿಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಡವ್ ಕಾಟೇಜಿನಿಂದ ಗ್ರಾಸ್ಮಿಯರ್ ಊರೊಳಗೆ ನಡೆದುಕೊಂಡೇ ಹೋಗಬಹುದು, ದಾರಿ ಸಮತಟ್ಟು. ಸೇಂಟ್ ಆಸ್ವಾಲ್ಡ್ ಚರ್ಚಿನ ಅಂಗಳದಲ್ಲಿ ಕವಿ, ಮೇರಿ, ಡೊರೊಥಿ, ಮಗಳು ಡೋರಾ ಎಲ್ಲರ ಸಮಾಧಿ ಅಕ್ಕಪಕ್ಕದಲ್ಲೇ ಇವೆ. ಸಾದಾ ಕಲ್ಲು, ಹೆಸರು, ವರ್ಷ, ಅಷ್ಟೇ. ಪಕ್ಕದಲ್ಲಿ ರಾಥೆ ಹೊಳೆ. ಅಂಗಳದಲ್ಲಿರುವ ಯೂ ಮರಗಳಲ್ಲಿ ಎಂಟು ಕವಿ ನೆಡಿಸಿದ್ದು. ಗೇಟಿನ ಹತ್ತಿರ 1854ರಿಂದ ಇರುವ ಜಿಂಜರ್‌ಬ್ರೆಡ್ ಅಂಗಡಿ, ಆ ಕಟ್ಟಡ ಒಂದು ಕಾಲಕ್ಕೆ ಶಾಲೆ, ವರ್ಡ್ಸ್‌ವರ್ತ್ ಅಲ್ಲಿ ಊರಿನ ಮಕ್ಕಳಿಗೆ ಪಾಠ ಹೇಳಿದ್ದೂ ಉಂಟು. ಮೇಷ್ಟ್ರಿಗೆ ಮೇಷ್ಟ್ರು ಸಿಕ್ಕ ಹಾಗಾಯಿತು ಅಲ್ವಾ! ಜಿಂಜರ್‌ಬ್ರೆಡ್ ಅಂದರೆ ಬಿಸ್ಕತ್ತೂ ಅಲ್ಲ, ಕೇಕೂ ಅಲ್ಲ, ಶುಂಠಿ ಖಾರ ಚೆನ್ನಾಗಿ ಹೊಡೆಯುತ್ತದೆ. ಚಳಿಗೆ ಒಳ್ಳೆಯದು.

ಮಧ್ಯಾಹ್ನ ಬಸ್ಸು ಹತ್ತಿ ರೈಡಲ್ ಚರ್ಚ್ ಸ್ಟಾಪಿನಲ್ಲಿ ಇಳಿಯಿರಿ. ಗ್ರಾಸ್ಮಿಯರ್‌ನಿಂದ ಗುಡ್ಡದ ಪಕ್ಕದಲ್ಲಿ ಒಂದು ಹಳೆಯ ಕಾಲುದಾರಿಯೂ ಇದೆ, ಹಿಂದೆ ಹೆಣ ಹೊತ್ತುಕೊಂಡು ಚರ್ಚಿಗೆ ಹೋಗುತ್ತಿದ್ದ ದಾರಿ, ಸುಸ್ತಾದಾಗ ಪೆಟ್ಟಿಗೆ ಇಳಿಸೋಕೆ ಇಟ್ಟ ಕಲ್ಲು ಈಗಲೂ ಇದೆ. ನೀವೊಬ್ಬರೇ ಆಗಿದ್ದರೆ ನಡೆಯಿರಿ ಅನ್ನುತ್ತಿದ್ದೆ. ಮೊಣಕಾಲಿಗೆ ಬೇಡ, ಕಲ್ಲು ಮುಳ್ಳು. ಬಸ್ ಸ್ಟಾಪಿನಿಂದ ರೈಡಲ್ ಮೌಂಟಿಗೂ ಸ್ವಲ್ಪ ಏರು ಇದೆ, ದೂರ ಇಲ್ಲ, ನಿಂತು ನಿಂತು ಹೋಗಿ.

ಇಲ್ಲಿ ಅವನು 1813ರಿಂದ 1850ರಲ್ಲಿ ಸಾಯುವವರೆಗೂ ಇದ್ದ. ಮೂವತ್ತೇಳು ವರ್ಷ, ಅದೂ ಬಾಡಿಗೆಗೆ. ರೈಡಲ್ ಹಾಲ್‌ನ ಲ ಫ್ಲೆಮಿಂಗ್ ಮನೆತನದವರು ಮಾಲೀಕರು. ಆಸ್ಥಾನಕವಿ ಆದಾಗಲೂ ಬಾಡಿಗೆದಾರ, 1840ರಲ್ಲಿ ರಾಣಿ ಅಡಿಲೇಡ್ ನೋಡೋಕೆ ಬಂದಾಗಲೂ ಬಾಡಿಗೆದಾರ. ಆದರೆ ತೋಟದ ವಿನ್ಯಾಸ ಪೂರ್ತಿ ಅವನದೇ, ನಾಲ್ಕು ಎಕರೆಗೂ ಜಾಸ್ತಿ. ಅವನಿಗೆ ರಂಗೋಲಿ ಹಾಕಿದ ಹಾಗೆ ಕತ್ತರಿಸಿದ ಹೂವಿನ ಮಡಿ ಇಷ್ಟ ಇರಲಿಲ್ಲ. ಹುಲ್ಲು, ಬಂಡೆ, ಜರೀಗಿಡ, ಮರ ಎಲ್ಲ ಒಂದಕ್ಕೊಂದು ಸೇರಿಕೊಂಡು, ತೋಟ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ನಿಮ್ಮ ಮನೆಯವರು ಗೇಟು ದಾಟಿದ ತಕ್ಷಣ ಎಲ್ಲಿ ಹೂವು ಅಂತ ಕೇಳಿದರೆ ಹತ್ತು ನಿಮಿಷ ತಡೆಯೋಕೆ ಹೇಳಿ.

ಮುಖ್ಯವಾಗಿ ನೋಡಬೇಕಾದದ್ದು ಗುಡ್ಡದ ಮೈಗೆ ಮಾಡಿದ ಉದ್ದನೆಯ ದಾರಿಗಳು. ಅವನ ನಿಜವಾದ ಓದುವ ಕೋಣೆ ಅದೇ. ತುದಿಯಲ್ಲಿ ಕೂರೋಕೆ ಒಂದು ಮಂಟಪದಂಥ ಮನೆ, ಅಲ್ಲಿಂದ ರೈಡಲ್ ಸರೋವರ ಕಾಣುತ್ತದೆ. ಆ ದಾರಿಯಲ್ಲಿ ಒಂದು ಸಲ ನೀವು ಹೋಗಿ ಬನ್ನಿ, ಬಾಯಲ್ಲಿ ಯಾವುದಾದರೂ ಪದ್ಯ ಹೇಳಿಕೊಂಡು, ಕನ್ನಡದ್ದಾದರೂ ಸರಿ. ನಾನು ಸುಮ್ನೆ ಷಟ್ಪದಿ ಹೇಳಿಕೊಂಡು ನಡೆದೆ, ಹೆಜ್ಜೆ ತಾನಾಗಿ ಗಣಕ್ಕೆ ಬಿತ್ತು. ಆ ಸಾಲುಗಳ ಲಯ ಎಲ್ಲಿಂದ ಬಂತು ಅನ್ನೋದು ನನಗೆ ಆವತ್ತು ಕಾಲಿನಲ್ಲಿ ಗೊತ್ತಾಯಿತು, ಪುಸ್ತಕದಲ್ಲಿ ಆಗಿರಲಿಲ್ಲ. ಕೊನೆಗಾಲದಲ್ಲಿ ಡೊರೊಥಿಗೆ ವರ್ಷಗಟ್ಟಲೆ ಕಾಯಿಲೆ, ಬುದ್ಧಿಯೂ ಕೈಕೊಟ್ಟಿತ್ತು. ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದು ತಿರುಗಾಡಿಸುತ್ತಿದ್ದರು. ಒಂದು ಕಾಲಕ್ಕೆ ದಿನಕ್ಕೆ ಹತ್ತಾರು ಮೈಲಿ ನಡೆದ ಹೆಂಗಸು.

ತೋಟದಲ್ಲಿ ಒಂದು ಬಂಡೆ ಇದೆ. ಕಟ್ಟಡದವರು ಅದನ್ನು ಒಡೆಯೋಕೆ ಬಂದಾಗ ಕವಿ ತಡೆದ, ಅದರ ಬಗ್ಗೆಯೇ 1830ರಲ್ಲಿ ಪದ್ಯ ಬರೆದ, ನಾನು ಹೋದ ಮೇಲೂ ಇದು ಇರಲಿ ಅನ್ನೋ ಅರ್ಥ ಬರುವ ಹಾಗೆ. ಕೇಳಿ ತೋರಿಸಿಕೊಳ್ಳಿ.

ಈಗ ಆಗ ಹೇಳಿದ ಎರಡು ಜಾಗ. ಮೊದಲನೆಯದು ಡೋರಾಸ್ ಫೀಲ್ಡ್, ಚರ್ಚಿನ ಹಿಂದೆಯೇ. 1826ರಲ್ಲಿ ಮಾಲೀಕರು ಮನೆ ಬಿಡಿಸುತ್ತಾರೆ ಅನ್ನೋ ಮಾತು ಬಂತು. ಕವಿ ಏನು ಮಾಡಿದ ಗೊತ್ತಾ, ಪಕ್ಕದ ಹೊಲವನ್ನೇ ದುಬಾರಿ ದುಡ್ಡು ಕೊಟ್ಟು ಕೊಂಡುಕೊಂಡು, ಇಲ್ಲೇ ಮನೆ ಕಟ್ಟುತ್ತೇನೆ ಅಂತ ಪ್ಲಾನ್ ಬೇರೆ ಮಾಡಿಸಿದ. ಮಾಲೀಕರು ತಣ್ಣಗಾದರು. ಮನೆ ಕಟ್ಟಲೇ ಇಲ್ಲ. ಹೊಲ ಮಗಳು ಡೋರಾ ಪಾಲಾಯಿತು. 1847ರ ಜುಲೈನಲ್ಲಿ ಅವಳು ತೀರಿಕೊಂಡಳು, ಆಗಿನ್ನೂ ನಲವತ್ಮೂರು ದಾಟಿರಲಿಲ್ಲ. ಆಮೇಲೆ ಮನೆಯವರು ಆ ಹೊಲದ ತುಂಬಾ ಡ್ಯಾಫೊಡಿಲ್ ನೆಟ್ಟರು. ಪದ್ಯದ ಡ್ಯಾಫೊಡಿಲ್ ಇದಲ್ಲ. ಆದರೆ ನನ್ನನ್ನು ಕೇಳಿದರೆ ಆ ಪದ್ಯಕ್ಕಿಂತ ಈ ಹೊಲದ ಹೂವೇ ಜಾಸ್ತಿ ತಾಗುತ್ತದೆ. ಈಗ ಅದು ಹಳೆಯ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಲಿದೆ, ಟಿಕೆಟ್ ಇಲ್ಲ, ಗೇಟು ತಳ್ಳಿ ಒಳಗೆ ಹೋಗೋದಷ್ಟೇ.

ಎರಡನೆಯದು ರೈಡಲ್ ಹಾಲ್ ತೋಟ, ಅದೇ ಓಣಿಯ ಇನ್ನೊಂದು ಬದಿಗೆ. ಇದನ್ನು ಥಾಮಸ್ ಮಾಸನ್ ಅನ್ನೋ ತೋಟಗಾರಿಕೆ ವಿನ್ಯಾಸಕಾರ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮಾಡಿದ್ದು. ಕಲ್ಲಿನ ಕಟ್ಟೆ, ಅಳತೆ ಹಿಡಿದ ಮಡಿ, ವರ್ಡ್ಸ್‌ವರ್ತ್‌ಗೆ ಯಾವುದು ಇಷ್ಟ ಇರಲಿಲ್ಲವೋ ಅದೇ. ನಿಮ್ಮ ಮನೆಯವರಿಗೆ ಇದೇ ಇಷ್ಟವಾದರೂ ಆಗಬಹುದು, ಜಗಳ ಮಾಡಬೇಡಿ. ಅಲ್ಲೇ ಜಲಪಾತದ ಎದುರು ಒಂದು ಪುಟ್ಟ ಕಲ್ಲಿನ ಕೋಣೆ ಇದೆ, ಹದಿನೇಳನೇ ಶತಮಾನದ್ದು. ಕತ್ತಲೆ ಕೋಣೆಯೊಳಗೆ ಹೋಗಿ ನಿಂತರೆ ಎದುರಿನ ಕಿಟಕಿಯ ಚೌಕಟ್ಟಿನೊಳಗೆ ಜಲಪಾತ, ಗೋಡೆಗೆ ತೂಗುಹಾಕಿದ ಚಿತ್ರದ ಹಾಗೆ. ಒಂದೇ ವ್ಯತ್ಯಾಸ, ಚಿತ್ರದಿಂದ ಸದ್ದು ಬರುತ್ತಿರುತ್ತದೆ.

ಏಪ್ರಿಲ್ ಮೊದಲ ವಾರ ಅಂದಿರಲ್ಲ, ಹೂವಿಗೆ ಒಳ್ಳೆಯ ಕಾಲ. ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಸಾಮಾನ್ಯವಾಗಿ ಸಿಗುತ್ತದೆ. ಮ್ಯಾಂಚೆಸ್ಟರ್ ರಸ್ತೆ ಬದಿಯಲ್ಲೇ ದೊಡ್ಡ ದೊಡ್ಡ ಹಳದಿ ಡ್ಯಾಫೊಡಿಲ್ ಕಂಡು ಇದೇ ಅದು ಅಂದುಕೊಳ್ಳಬೇಡಿ, ಅವು ತೋಟದ ತಳಿ. ಕವಿ ನೋಡಿದ ಕಾಡು ಜಾತಿ ಅದರ ಮುಂದೆ ಮಗು, ಮೊಣಕಾಲಿಗೂ ಬರುವುದಿಲ್ಲ. ಹೊರಗಿನ ಎಸಳು ತೆಳು ಹಳದಿ, ಮಧ್ಯದ ಕೊಳವೆ ಗಾಢ ಹಳದಿ, ಈ ಎರಡು ಬಣ್ಣ ನೋಡಿ ಗುರುತಿಸಿ.

ಮಗಳ ಹತ್ತಿರ ಕಾರಿದ್ದು ಇನ್ನೊಂದು ಅರ್ಧ ದಿನ ಸಿಕ್ಕಿದರೆ ಅಲ್ಸ್‌ವಾಟರ್‌ನ ಗ್ಲೆನ್‌ಕಾಯ್ನ್ ದಂಡೆಗೆ ಕರೆದುಕೊಂಡು ಹೋಗು ಅನ್ನಿ. ಅಲ್ಲಿ ಮ್ಯೂಸಿಯಂ ಇಲ್ಲ, ಗೈಡ್ ಇಲ್ಲ, ನೀರು, ಮರ, ಬುಡದಲ್ಲಿ ಹೂವು. ಬಿಸಿಲಿರುವ ದಿನ ಬೇಕು ಅಂತ ಕಾಯಬೇಡಿ. ಬಿಸಿಲಿಗೆ ಅವು ಸುಮ್ಮನೆ ನಿಂತಿರುತ್ತವೆ. ಗಾಳಿ ಜೋರಾಗಿ ಬೀಸುವ ದಿನ ಸ್ವೆಟರ್ ಹಾಕಿಕೊಂಡು ಹೋಗಿ.